ಬ್ಯಾಟರಿಯಲ್ಲಿ ಎಷ್ಟು ಚಾರ್ಜ್ ಉಳಿದಿದೆ ಅಂತ ನಾವೇ ಲೆಕ್ಕ ಹಾಕೋದು ಹೇಗೆ

ಮೊಬೈಲ್ ಸ್ಕ್ರೀನ್ ಮೇಲೆ 37% ಅಂತ ಕಾಣ್ಸುತ್ತಲ್ಲ, ಅದು ಅಳತೆ ಮಾಡಿ ಬಂದ ನಂಬರ್ ಅಲ್ಲ, ಲೆಕ್ಕ ಹಾಕಿ ಹೇಳಿದ ಅಂದಾಜು. ಬ್ಯಾಟರಿ ಒಳಗೆ ಇಷ್ಟೇ ಚಾರ್ಜ್ ಇದೆ ಅಂತ ನೇರವಾಗಿ ತೋರ್ಸೋ ಮೀಟರ್ ಇಲ್ಲ. ಹೊರಗಡೆಯಿಂದ ನಮ್ಮ ಕೈಗೆ ಸಿಗೋದು ವೋಲ್ಟೇಜ್, ಕರೆಂಟ್, ಟೆಂಪರೇಚರ್ ಇಷ್ಟೇ, ಇವನ್ನ ಇಟ್ಕೊಂಡೇ ಮೊಬೈಲ್ ಆಗ್ಲಿ ಲ್ಯಾಪ್‌ಟಾಪ್ ಆಗ್ಲಿ ಎಲೆಕ್ಟ್ರಿಕ್ ಗಾಡಿ ಆಗ್ಲಿ ಎಲ್ಲಾನೂ ಪರ್ಸೆಂಟ್ ಹೇಳೋದು. ಅದೇ ಕೆಲಸನ ಒಂದು ಮಲ್ಟಿಮೀಟರ್ (ವೋಲ್ಟೇಜ್, ಕರೆಂಟ್ ಅಳೆಯೋ ಕೈ ಮೀಟರ್) ಇದ್ರೆ ನಾವೂ ಮಾಡ್ಬಹುದು, ಸ್ವಲ್ಪ ಪ್ರೋಗ್ರಾಮಿಂಗ್ ಬಂದ್ರೆ ನಾವೇ ಮಾಡಿದ ಡಿವೈಸ್‌ಗೂ ಹಾಕ್ಬಹುದು. ಹೆಚ್ಚಿನ ಭಾಗ ಲಿಥಿಯಂ ಅಯಾನ್ ಬಗ್ಗೆ ಬರೀತೀನಿ ಯಾಕಂದ್ರೆ ಈಗ ಎಲ್ಲದರಲ್ಲೂ ಇರೋದು ಅದೇ, ಬೇರೆ ಬ್ಯಾಟರಿಗಳದ್ದು ಕೊನೇಲಿ ಬರುತ್ತೆ.

ಶುರು ಮಾಡೋ ಮುಂಚೆ ಎರಡು ಎಚ್ಚರಿಕೆ. ಬ್ಯಾಟರಿ ಊದ್ಕೊಂಡಿದ್ರೆ ಟೆಸ್ಟೂ ಬೇಡ ಏನೂ ಬೇಡ, ಚಾರ್ಜ್‌ಗೆ ಹಾಕದೆ ಪಕ್ಕಕ್ಕಿಟ್ಟು ಈ-ವೇಸ್ಟ್‌ಗೆ ಕೊಡಿ. ಮತ್ತೆ ಮಲ್ಟಿಮೀಟರ್ ಆಂಪ್ ಮೋಡ್‌ನಲ್ಲಿ ಇರುವಾಗ, ಅಂದ್ರೆ ಕೆಂಪು ವೈರು ಆಂಪ್ ತೂತಲ್ಲಿ ಇರುವಾಗ, ಬ್ಯಾಟರಿಯ ಎರಡೂ ತುದಿಗೆ ಮುಟ್ಟಿಸಿದ್ರೆ ಅದು ಸೀದಾ ಶಾರ್ಟ್ ಸರ್ಕ್ಯೂಟ್, ಫ್ಯೂಸ್ ಹೋದ್ರೆ ನಿಮ್ಮ ಅದೃಷ್ಟ ಚೆನ್ನಾಗಿದೆ ಅಂತ ಅಂದ್ಕೊಳ್ಳಿ. ವೋಲ್ಟ್ ಮೋಡ್ ಇದ್ಯಾ ಅಂತ ಪ್ರತಿ ಸಲ ನೋಡಿ.

1. 100 ಅಂದ್ರೆ ಎಷ್ಟು ಅಂತ ಮೊದಲು ಗೊತ್ತು ಮಾಡ್ಕೊಳ್ಳಿ

ಬ್ಯಾಟರಿ ಮೇಲೆ 4000 ಎಂಎಎಚ್ (ಮಿಲಿಆಂಪ್ ಅವರ್, ಅಂದ್ರೆ ಎಷ್ಟು ಮಿಲಿಆಂಪ್ ಕರೆಂಟ್‌ನ ಎಷ್ಟು ಗಂಟೆ ಕೊಡುತ್ತೆ ಅನ್ನೋ ಅಳತೆ) ಅಂತ ಬರೆದಿರುತ್ತೆ, ಅದು ಹೊಸದಾಗಿದ್ದಾಗಿನ ಮಾತು. ಎರಡು ಮೂರು ವರ್ಷ ಉಪಯೋಗಿಸಿದ ಮೇಲೆ ಅದೇ ಬ್ಯಾಟರಿ ತುಂಬಿದಾಗ 3200 ಮಾತ್ರ ಹಿಡಿಯೋ ಹಾಗಾಗಿರಬಹುದು, ಆಗ ಅದರ ಹೆಲ್ತ್ 80%. ಈಗ ಸ್ಕ್ರೀನ್ ಮೇಲೆ 50% ಅಂತ ಬಂದ್ರೆ ನಿಮ್ಮ ಹತ್ರ ಇರೋದು 2000 ಅಲ್ಲ, 1600. ಬಹಳ ಜನ "50 ಇತ್ತು, ಅಷ್ಟು ಬೇಗ ಹೇಗೆ ಖಾಲಿ ಆಯ್ತು" ಅಂತ ಕೇಳೋದಕ್ಕೆ ಕಾರಣ ಹೆಚ್ಚಾಗಿ ಇದೇ, ಪರ್ಸೆಂಟ್ ಸರಿಯಾಗೇ ಇರುತ್ತೆ, ತುಂಬೋ ಜಾಗಾನೇ ಕಮ್ಮಿ ಆಗಿರುತ್ತೆ.

ಇದನ್ನ ಎಲ್ಲಿ ನೋಡೋದು ಅಂದ್ರೆ, ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆಗೆದು ಪವರ್‌ಸಿಎಫ್‌ಜಿ ಅಂತ ಟೈಪ್ ಮಾಡಿ ಒಂದು ಸ್ಪೇಸ್ ಬಿಟ್ಟು ಸ್ಲ್ಯಾಶ್ ಹಾಕಿ ಬ್ಯಾಟರಿರಿಪೋರ್ಟ್ ಅಂತ (ಇಂಗ್ಲಿಷ್ ಅಕ್ಷರದಲ್ಲಿ, ಮಧ್ಯೆ ಸ್ಪೇಸ್ ಇಲ್ದೆ) ಕೊಟ್ರೆ ಒಂದು ಫೈಲ್ ಬರುತ್ತೆ, ಅದರಲ್ಲಿ ಡಿಸೈನ್ ಕೆಪಾಸಿಟಿ, ಫುಲ್ ಚಾರ್ಜ್ ಕೆಪಾಸಿಟಿ ಎರಡೂ ಇರುತ್ತೆ, ಎರಡನೇದನ್ನ ಮೊದಲನೇದರಿಂದ ಭಾಗಿಸಿದ್ರೆ ಆಯ್ತು. ಐಫೋನ್‌ನಲ್ಲಿ ಸೆಟ್ಟಿಂಗ್ಸ್ ಒಳಗೆ ಬ್ಯಾಟರಿ ಹೆಲ್ತ್ ಅಂತ ನೇರವಾಗೇ ಕೊಡ್ತಾರೆ. ಲಿನಕ್ಸ್ ಇದ್ರೆ ಇನ್ನೂ ಚೆನ್ನ, ಸಿಸ್ ಫೋಲ್ಡರ್ ಒಳಗೆ ಕ್ಲಾಸ್, ಅದರ ಒಳಗಿನ ಪವರ್ ಸಪ್ಲೈ ಫೋಲ್ಡರ್‌ನಲ್ಲಿ ಬ್ಯಾಟರಿ ಹೆಸರಲ್ಲಿ ಒಂದು ಫೋಲ್ಡರ್ ಇರುತ್ತೆ, ಈಗಿನ ವೋಲ್ಟೇಜ್, ಈಗ ಉಳಿದಿರೋದು, ತುಂಬಿದಾಗ ಹಿಡಿಯೋದು, ಹೊಸದರಲ್ಲಿ ಹಿಡೀತಿದ್ದಿದ್ದು ಎಲ್ಲಾ ಬೇರೆ ಬೇರೆ ಫೈಲ್ ಆಗಿ ಬಿದ್ದಿರುತ್ತೆ, ಪರ್ಸೆಂಟ್‌ಗಿಂತ ಆ ನಂಬರ್‌ಗಳನ್ನ ನೋಡೋದು ಒಳ್ಳೇದು.

2. ವೋಲ್ಟೇಜ್ ನೋಡಿ ಹೇಳೋದು

ಇದು ಎಲ್ಲಕ್ಕಿಂತ ಸುಲಭದ ದಾರಿ, ತಪ್ಪೂ ಇಲ್ಲೇ ಜಾಸ್ತಿ. ಬ್ಯಾಟರಿ ಖಾಲಿ ಆಗ್ತಾ ಹೋದ ಹಾಗೆ ಅದರ ವೋಲ್ಟೇಜ್ ಇಳಿಯುತ್ತೆ. ಆದ್ರೆ ಒಂದು ಶರತ್ತು ಇದೆ, ಅಳೆಯೋ ಟೈಮಲ್ಲಿ ಬ್ಯಾಟರಿ ಸುಮ್ನೆ ಇರ್ಬೇಕು, ಚಾರ್ಜೂ ಆಗ್ತಿರಬಾರದು, ಯಾವ ಲೋಡೂ (ಬ್ಯಾಟರಿಯಿಂದ ಕರೆಂಟ್ ಎಳೆಯೋ ಸಾಮಾನು) ಇರಬಾರದು. ಈಗ ತಾನೇ ಚಾರ್ಜರ್ ಕಿತ್ತು ಅಳೆದ್ರೆ ಜಾಸ್ತಿ ತೋರ್ಸುತ್ತೆ, ಈಗ ತಾನೇ ಲೋಡ್ ತೆಗೆದು ಅಳೆದ್ರೆ ಕಮ್ಮಿ ತೋರ್ಸುತ್ತೆ, ಹಾಗಾಗಿ ಅರ್ಧ ಗಂಟೆಯಾದ್ರೂ ಬಿಟ್ಟು ಅಳೆಯಿರಿ, ಒಂದು ಗಂಟೆ ಬಿಟ್ರೆ ಇನ್ನೂ ಒಳ್ಳೇದು.

ಹಾಗೆ ಬಿಟ್ಟು ಅಳೆದಾಗ ಲಿಥಿಯಂ ಅಯಾನ್‌ದೇ ಒಂದು ಬಗೆಯಾದ ಸಾಮಾನ್ಯ ಲಿಥಿಯಂ ಪಾಲಿಮರ್ ಸೆಲ್‌ದು ಹೆಚ್ಚು ಕಮ್ಮಿ ಹೀಗಿರುತ್ತೆ:

4.20 ವೋಲ್ಟ್: 100%
4.10: 90%
4.02: 80%
3.87: 60%
3.80: 40%
3.73: 20%
3.69: 10%
3.3 ಅಥವಾ ಕೆಳಗೆ: ಖಾಲಿ

ಈ ಪಟ್ಟಿನ ಸ್ವಲ್ಪ ಗಮನ ಇಟ್ಟು ನೋಡಿ. 100ರಿಂದ 60ಕ್ಕೆ ಬರೋಷ್ಟರಲ್ಲಿ 0.33 ವೋಲ್ಟ್ ಇಳಿದಿದೆ, ಅದೇ 60ರಿಂದ 20ಕ್ಕೆ ಬರುವಾಗ ಇಳಿದಿರೋದು 0.14 ಅಷ್ಟೇ. ಎರಡೂ ಕಡೆ ಖರ್ಚಾಗಿರೋ ಚಾರ್ಜ್ ಒಂದೇ, ಆದ್ರೆ ವೋಲ್ಟೇಜ್ ಬದಲಾಗಿದ್ದು ಅರ್ಧಕ್ಕಿಂತ ಕಮ್ಮಿ. 40ರಿಂದ 20ರ ಮಧ್ಯೆ ಒಂದು ಪರ್ಸೆಂಟ್ ಅಂದ್ರೆ ಮೂರೂವರೆ ಮಿಲಿವೋಲ್ಟ್, ನಿಮ್ಮ ಮೀಟರ್ 20 ಮಿಲಿವೋಲ್ಟ್ ತಪ್ಪು ತೋರಿಸಿದ್ರೆ ಉತ್ತರ 6 ಪರ್ಸೆಂಟ್ ಆಚೆ ಈಚೆ ಹೋಗುತ್ತೆ. ಅದಕ್ಕೇ ನಾನು ಹೇಳೋದು, ವೋಲ್ಟೇಜ್‌ನ ಎರಡು ತುದಿಯಲ್ಲಿ ನಂಬಿ, ನಡುವೆ ನಂಬಬೇಡಿ. 4.1 ಇದ್ರೆ ತುಂಬಿದೆ ಅಂತ ಧೈರ್ಯವಾಗಿ ಹೇಳ್ಬಹುದು, 3.6 ಇದ್ರೆ ಮುಗೀತಾ ಬಂತು ಅಂತ ಹೇಳ್ಬಹುದು, 3.78 ಇದ್ರೆ "ಅರ್ಧದ ಕೆಳಗೆ ಎಲ್ಲೋ ಇದೆ" ಅನ್ನೋದಕ್ಕಿಂತ ಜಾಸ್ತಿ ಹೇಳೋದು ಬರೀ ಧೈರ್ಯ.

ಇನ್ನೊಂದು, ಈ ಪಟ್ಟಿ ಎಲ್ಲಾ ಸೆಲ್‌ಗೂ ಒಂದೇ ಅಲ್ಲ. ಟಾರ್ಚು, ಪವರ್ ಬ್ಯಾಂಕ್‌ನಲ್ಲಿ ಬರೋ 18650 ಅನ್ನೋ ಉದ್ದುದ್ದ ಸೆಲ್‌ಗಳಲ್ಲಿ ಕೆಳಗಿನ ಭಾಗ ಇನ್ನೂ ಇಳಿಜಾರು, 3.6 ಇದ್ರೂ ಸಾಕಷ್ಟು ಚಾರ್ಜ್ ಉಳಿದಿರುತ್ತೆ. ಈಗಿನ ಮೊಬೈಲ್ ಬ್ಯಾಟರಿಗಳು ತುಂಬಿದಾಗ 4.35, 4.4, ಇನ್ನೂ ಸ್ವಲ್ಪ ಮೇಲಕ್ಕೂ ಹೋಗ್ತವೆ, ಲೇಬಲ್ ಮೇಲೆ ಚಾರ್ಜ್ ವೋಲ್ಟೇಜ್ ಅಂತ ಬರೆದಿರುತ್ತೆ ಅದನ್ನ ನೋಡಿ. ಯಾರೋ ಕೊಟ್ಟ ಪಟ್ಟಿ ಹಾಕ್ಕೊಂಡು "ನಂದು ಸರಿ ತೋರಿಸ್ತಿಲ್ಲ" ಅಂತ ತಲೆ ಕೆಡಿಸ್ಕೊಳ್ಳೋದಕ್ಕಿಂತ ನಿಮ್ಮ ಸೆಲ್‌ಗೆ ನೀವೇ ಪಟ್ಟಿ ಮಾಡ್ಕೊಳ್ಳೋದು ವಾಸಿ, ಅದು ಸ್ಟೆಪ್ 4.

3. ಲೋಡ್ ಇರುವಾಗ ಅಳೆದ್ರೆ ಸರಿಪಡಿಸ್ಕೊಳ್ಳಿ

ಎಲ್ಲಾ ಟೈಮಲ್ಲೂ ಡಿವೈಸ್ ಆಫ್ ಮಾಡಿ ಒಂದು ಗಂಟೆ ಕಾಯೋಕೆ ಆಗಲ್ಲ. ಪ್ರತಿ ಬ್ಯಾಟರಿ ಒಳಗೂ ಸ್ವಲ್ಪ ರೆಸಿಸ್ಟೆನ್ಸ್, ಅಂದ್ರೆ ಕರೆಂಟ್‌ಗೆ ತಡೆ, ಇರುತ್ತೆ, ಕರೆಂಟ್ ಹರಿದಾಗ ಅಷ್ಟು ವೋಲ್ಟೇಜ್ ಒಳಗೇ ಬಿದ್ದು ಹೋಗುತ್ತೆ. ಅದನ್ನ ಕಂಡು ಹಿಡಿಯೋದು ಸುಲಭ. ಲೋಡ್ ಇಲ್ಲದಾಗ 3.84 ಇತ್ತು ಅಂತಿಟ್ಕೊಳ್ಳಿ, 1 ಆಂಪ್ ಲೋಡ್ ಹಾಕಿದ ತಕ್ಷಣ 3.72 ಆಯ್ತು, ಬಿದ್ದಿದ್ದು 0.12 ವೋಲ್ಟ್, ಅದನ್ನ 1 ಆಂಪ್‌ನಿಂದ ಭಾಗಿಸಿದ್ರೆ ಒಳಗಿನ ರೆಸಿಸ್ಟೆನ್ಸ್ 0.12 ಓಮ್. ಇದನ್ನ ಬರೆದಿಟ್ಕೊಳ್ಳಿ. ಆಮೇಲೆ ಯಾವಾಗಾದ್ರೂ ಅರ್ಧ ಆಂಪ್ ಹರೀತಿರುವಾಗ 3.74 ಕಂಡ್ರೆ ಅದಕ್ಕೆ 0.06 ಸೇರ್ಸಿ, 3.80 ಆಯ್ತು, ಅಂದ್ರೆ ಸುಮಾರು 40%. ಸೇರಿಸದೇ ನೋಡಿದ್ರೆ 20 ಚಿಲ್ಲರೆ ಅಂತ ಬರ್ತಿತ್ತು, ಅರ್ಧಕ್ಕರ್ಧ ತಪ್ಪು.

ಬ್ಯಾಟರಿಗೆ ವಯಸ್ಸಾದ ಹಾಗೆ ಈ ರೆಸಿಸ್ಟೆನ್ಸ್ ಏರುತ್ತೆ, ಚಳಿಯಲ್ಲೂ ಏರುತ್ತೆ. 25% ಅಂತ ತೋರಿಸ್ತಿದ್ದ ಹಳೇ ಫೋನು ಕ್ಯಾಮೆರಾ ತೆಗೆದ ಕೂಡ್ಲೇ ಪಟ್ ಅಂತ ಆಫ್ ಆಗೋದು, ಮತ್ತೆ ಆನ್ ಮಾಡಿದ್ರೆ 20 ತೋರ್ಸೋದು, ಇದೆಲ್ಲಾ ಇದರದ್ದೇ ಆಟ. ಚಾರ್ಜ್ ನಿಜವಾಗ್ಲೂ ಇತ್ತು, ಆದ್ರೆ ಒಂದೇ ಸಲಕ್ಕೆ ಜಾಸ್ತಿ ಕರೆಂಟ್ ಕೇಳಿದಾಗ ವೋಲ್ಟೇಜ್ ಧಡಕ್ಕನೆ ಕುಸಿದು ಫೋನು ತನ್ನನ್ನ ತಾನೇ ಉಳಿಸ್ಕೊಳ್ಳೋಕೆ ಆಫ್ ಆಯ್ತು. ಇಂಥ ಫೋನಿಗೆ ಪರ್ಸೆಂಟ್ ಸರಿಪಡಿಸೋ ಆ್ಯಪ್ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ, ಬೇಕಾಗಿರೋದು ಹೊಸ ಬ್ಯಾಟರಿ.

4. ನಿಮ್ಮ ಸೆಲ್‌ಗೆ ನಿಮ್ಮದೇ ಪಟ್ಟಿ

ಸ್ವಂತ ಪ್ರಾಜೆಕ್ಟ್ ಮಾಡೋರಿಗೆ ಇದೊಂದು ದಿನ ಪೂರ್ತಿ ತಿನ್ನೋ ಕೆಲಸ, ಆದ್ರೆ ಒಂದು ಸಲ ಮಾಡಿದ್ರೆ ಅದೇ ತರದ ಎಲ್ಲಾ ಸೆಲ್‌ಗೂ ನಡೆಯುತ್ತೆ. 2000 ಎಂಎಎಚ್ ಸೆಲ್ ಅಂತ ಇಟ್ಕೊಳ್ಳಿ. ಫುಲ್ ಚಾರ್ಜ್ ಮಾಡಿ ಒಂದು ಗಂಟೆ ಬಿಟ್ಟು ವೋಲ್ಟೇಜ್ ಬರ್ಕೊಳ್ಳಿ. ಆಮೇಲೆ 400 ಮಿಲಿಆಂಪ್ ಎಳೆಯೋ ಲೋಡ್ ಹಾಕಿ ಸರಿಯಾಗಿ ಅರ್ಧ ಗಂಟೆ ಬಿಡಿ, 200 ಎಂಎಎಚ್ ಹೋಯ್ತು, ಅಂದ್ರೆ ಹತ್ತನೇ ಒಂದು ಭಾಗ. ಲೋಡ್ ತೆಗೀರಿ, ಅರ್ಧ ಗಂಟೆ ಸುಮ್ನೆ ಬಿಡಿ, ವೋಲ್ಟೇಜ್ ಬರ್ಕೊಳ್ಳಿ. ಹೀಗೇ ಹತ್ತು ಸಲ. ಕೊನೇ ಎರಡು ಮೆಟ್ಟಿಲಲ್ಲಿ ಮಾತ್ರ ಹತ್ತಿರಾನೇ ಕೂತಿರಿ, ಲೋಡ್ ಇರುವಾಗ 3.0 ವೋಲ್ಟ್‌ಗಿಂತ ಕೆಳಗೆ ಇಳಿಯೋಕೆ ಬಿಡ್ಬೇಡಿ, ತೀರಾ ಕೆಳಗೆ ಹೋದ ಲಿಥಿಯಂ ಸೆಲ್ ಹಾಳಾಗುತ್ತೆ, ಮತ್ತೆ ಚಾರ್ಜ್ ಮಾಡೋದೂ ಅಪಾಯ.

ಲೋಡ್‌ಗೆ ಬರೀ ರೆಸಿಸ್ಟರ್ ಹಾಕಿದ್ರೆ ವೋಲ್ಟೇಜ್ ಇಳಿದ ಹಾಗೆ ಕರೆಂಟೂ ಇಳಿಯುತ್ತೆ ಅನ್ನೋದು ನೆನಪಿರಲಿ, 10 ಓಮ್ ರೆಸಿಸ್ಟರ್‌ನಲ್ಲಿ ಶುರುವಲ್ಲಿ 420 ಮಿಲಿಆಂಪ್, ಕೊನೇಲಿ 330ರ ಹತ್ರ. ಲೆಕ್ಕ ಸರಿ ಬರ್ಬೇಕು ಅಂದ್ರೆ ಪ್ರತಿ ಅರ್ಧ ಗಂಟೆಯ ಸರಾಸರಿ ಕರೆಂಟ್ ಹಿಡೀಬೇಕು. ರೆಸಿಸ್ಟರ್ ಚೆನ್ನಾಗೇ ಬಿಸಿ ಆಗುತ್ತೆ, 5 ವ್ಯಾಟ್‌ದು ಹಾಕಿ.

ಇದನ್ನ ಮಾಡುವಾಗ ಇನ್ನೊಂದು ವಿಷಯ ಗೊತ್ತಾಗುತ್ತೆ. ನಿಮ್ಮ ಬೋರ್ಡು 3.3 ವೋಲ್ಟ್‌ನಲ್ಲಿ ಓಡೋದಾದ್ರೆ ಮಧ್ಯೆ ವೋಲ್ಟೇಜ್ ಇಳಿಸಿ ಕೊಡೋ ರೆಗ್ಯುಲೇಟರ್‌ಗೂ ಸ್ವಲ್ಪ ಬೇಕಲ್ಲ, ಹಾಗಾಗಿ ಸೆಲ್ 3.5ರ ಹತ್ರ ಬಂದಾಗಲೇ ಬೋರ್ಡ್ ತಡವರಿಸೋಕೆ ಶುರು ಮಾಡುತ್ತೆ. ನಿಮ್ಮ ಡಿವೈಸ್‌ಗೆ ಸೊನ್ನೆ ಅಂದ್ರೆ ಅದೇ, ಸೆಲ್ ಒಳಗೆ ಇನ್ನೂ ಚೂರು ಉಳಿದಿದ್ರೂ ಉಪಯೋಗಕ್ಕೆ ಬರಲ್ಲ. ಡಿಸ್‌ಪ್ಲೇ ಮೇಲಿನ 0% ಅಲ್ಲಿಗೇ ಇಡಿ.

5. ಹೋಗಿದ್ದನ್ನ ಬಂದಿದ್ದನ್ನ ಎಣಿಸೋದು

ನಡುಭಾಗದಲ್ಲಿ ವೋಲ್ಟೇಜ್ ಕೈ ಕೊಡುತ್ತೆ ಅಂತಾಯ್ತು, ಹಾಗಾದ್ರೆ ಅಲ್ಲಿ ಏನು ಮಾಡೋದು? ಅಂಗಡಿಯ ಲೆಕ್ಕದ ಪುಸ್ತಕ ಬರೆಯೋ ಹಾಗೆ ಬ್ಯಾಟರಿಗೆ ಎಷ್ಟು ಬಂತು ಎಷ್ಟು ಹೋಯ್ತು ಅಂತ ಪ್ರತಿ ಕ್ಷಣ ಬರೀತಾ ಹೋಗೋದು. ಇದಕ್ಕೆ ಕೂಲಂಬ್ ಕೌಂಟಿಂಗ್ ಅಂತಾರೆ. ಬ್ಯಾಟರಿ ದಾರಿಯಲ್ಲಿ ಒಂದು ತೀರಾ ಸಣ್ಣ ಬೆಲೆಯ ರೆಸಿಸ್ಟರ್ ಹಾಕಿ ಅದರ ಎರಡು ತುದಿಯ ವೋಲ್ಟೇಜ್ ನೋಡಿದ್ರೆ ಕರೆಂಟ್ ಗೊತ್ತಾಗುತ್ತೆ, ಅದನ್ನ ಟೈಮ್‌ಗೆ ಗುಣಿಸಿ ಕೂಡ್ತಾ ಹೋಗೋದು. 180 ಮಿಲಿಆಂಪ್ 10 ಸೆಕೆಂಡ್ ಹರಿದ್ರೆ 180 ಗುಣಿಸು 10 ಭಾಗಿಸು 3600, ಅಂದ್ರೆ 0.5 ಎಂಎಎಚ್ ಖರ್ಚು. ಐಎನ್‌ಎ219 ಅನ್ನೋ ಚಿಪ್ ಇರೋ ಸಣ್ಣ ಮಾಡ್ಯೂಲ್‌ಗಳು ಸಾಮಾನ್ಯವಾಗಿ 0.1 ಓಮ್ ರೆಸಿಸ್ಟರ್ ಜೊತೇನೇ ಬರ್ತವೆ, ವೋಲ್ಟೇಜ್ ಕರೆಂಟ್ ಎರಡೂ ಕೊಡ್ತವೆ, ಕಲಿಯೋಕೆ ಇದು ಸಾಕು.

ಇದರ ರೋಗ ಏನಂದ್ರೆ ಸಣ್ಣ ತಪ್ಪೂ ಕೂಡ್ತಾ ಕೂಡ್ತಾ ದೊಡ್ಡದಾಗುತ್ತೆ. ಸೆನ್ಸರ್ ಬರೀ 1 ಮಿಲಿಆಂಪ್ ತಪ್ಪು ಓದಿದ್ರೆ ದಿನಕ್ಕೆ 24 ಎಂಎಎಚ್, ತಿಂಗಳಿಗೆ 720, 2000ದ ಸೆಲ್‌ನಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಲೆಕ್ಕ ತಪ್ಪಿ ಹೋಯ್ತು. ಮತ್ತೆ ಎಣಿಕೆ ಶುರು ಮಾಡೋವಾಗ ಎಷ್ಟಿತ್ತು ಅಂತ ಗೊತ್ತಿಲ್ದೇ ಇದ್ರೆ ಎಣಿಸಿ ಪ್ರಯೋಜನ ಇಲ್ಲ.

ಹಾಗಾಗಿ ಎರಡನ್ನೂ ಜೋಡಿಸ್ಬೇಕು, ಮೊಬೈಲ್ ಒಳಗೆ ಚಾರ್ಜ್ ಲೆಕ್ಕ ಇಡೋ ಫ್ಯೂಯಲ್ ಗೇಜ್ ಚಿಪ್‌ಗಳೂ ಬಹುಪಾಲು ಮಾಡೋದು ಇದನ್ನೇ. ಚಾರ್ಜ್ ತುಂಬಿ ಚಾರ್ಜರ್ ತಾನೇ ನಿಂತಾಗ ಎಣಿಕೆನ 100ಕ್ಕೆ ತಂದು ನಿಲ್ಲಿಸಿ. ನಡುವೆ ಎಣಿಕೆ ಹೇಳಿದ್ದೇ ಸರಿ. ಡಿವೈಸ್ ಗಂಟೆಗಟ್ಟಲೆ ನಿದ್ದೆ ಮಾಡಿ ಎದ್ರೆ ಆಗ ಬ್ಯಾಟರಿ ರೆಸ್ಟ್ ಆಗಿರುತ್ತಲ್ಲ, ವೋಲ್ಟೇಜ್ ನೋಡಿ ಎಣಿಕೆ ತೀರಾ ದೂರ ಹೋಗಿದ್ರೆ ಸ್ವಲ್ಪ ಹತ್ತಿರ ಎಳೀರಿ, ಒಂದೇ ಸಲಕ್ಕೆ ಹಾರಿಸ್ಬೇಡಿ. ಕೆಳಗೆ 10ರ ಹತ್ರ ಬಂದಾಗ ಮತ್ತೆ ವೋಲ್ಟೇಜ್‌ದೇ ಮಾತು.

ವೋಲ್ಟೇಜ್ ಓದೋಕೆ ಎರಡು 100 ಕಿಲೋಓಮ್ ರೆಸಿಸ್ಟರ್ ಸಾಲಾಗಿ ಜೋಡಿಸಿ ಡಿವೈಡರ್ (ವೋಲ್ಟೇಜ್‌ನ ಅರ್ಧ ಮಾಡಿ ಕೊಡೋದು) ಹಾಕಿದ್ರೆ ಅದೇ 21 ಮೈಕ್ರೋಆಂಪ್ ಯಾವಾಗ್ಲೂ ಕುಡೀತಿರುತ್ತೆ, ದಿನಕ್ಕೆ ಅರ್ಧ ಎಂಎಎಚ್, ತಿಂಗಳುಗಟ್ಟಲೆ ನಿದ್ದೆ ಮಾಡೋ ಸೆನ್ಸರ್‌ಗೆ ಇದೂ ಲೆಕ್ಕಕ್ಕೆ ಬರುತ್ತೆ. ಒಂದು ರೀಡಿಂಗ್ ನಂಬದೇ ಹದಿನೈದು ಇಪ್ಪತ್ತು ತಗೊಂಡು ಸರಾಸರಿ ಮಾಡಿ, ವೈಫೈ ಆನ್ ಆಗೋ ಮುಂಚೆ ಓದ್ಕೊಳ್ಳಿ. ಚಾರ್ಜರ್ ಹಾಕದೇ ಇರುವಾಗ ಪರ್ಸೆಂಟ್ ಮೇಲಕ್ಕೆ ಹೋಗೋದನ್ನ ತೋರ್ಸಲೇಬೇಡಿ, ಲೋಡ್ ಕಮ್ಮಿ ಆದಾಗ ವೋಲ್ಟೇಜ್ ಚೂರು ಏರೋದು ಸಹಜ ಆದ್ರೆ 42 ಇದ್ದಿದ್ದು 45 ಆದ್ರೆ ನೋಡೋರಿಗೆ ಮೀಟರ್ ಮೇಲೆ ನಂಬಿಕೆ ಹೋಗುತ್ತೆ.

6. ಎಷ್ಟು ಹೊತ್ತು ಬರುತ್ತೆ

ಉಳಿದಿರೋ ಎಂಎಎಚ್‌ನ ಕರೆಂಟ್‌ನಿಂದ ಭಾಗಿಸಿ, ಅಷ್ಟೇ. 1200 ಉಳಿದಿದೆ, ಸರಾಸರಿ 300 ಮಿಲಿಆಂಪ್ ಹೋಗ್ತಿದೆ ಅಂದ್ರೆ 4 ಗಂಟೆ. ಈ ಕ್ಷಣದ ಕರೆಂಟ್ ಹಿಡೀಬೇಡಿ, ಕಳೆದ ಐದತ್ತು ನಿಮಿಷದ ಸರಾಸರಿ ಹಿಡೀರಿ, ಇಲ್ಲಾಂದ್ರೆ ಲ್ಯಾಪ್‌ಟಾಪ್ ಒಂದು ನಿಮಿಷ 6 ಗಂಟೆ ಅಂತ, ಮುಂದಿನ ನಿಮಿಷ ಎರಡೂವರೆ ಅಂತ ತೋರ್ಸೋ ಹಾಗೆ ಆಗುತ್ತೆ.

ಪವರ್ ಬ್ಯಾಂಕ್ ವಿಷಯಕ್ಕೆ ಬಂದ್ರೆ ಎಂಎಎಚ್ ಬಿಟ್ಟು, ಆಂಪ್ ಅವರ್‌ನ ವೋಲ್ಟೇಜ್‌ನಿಂದ ಗುಣಿಸಿದ್ರೆ ಬರೋ ವ್ಯಾಟ್ ಅವರ್‌ನಲ್ಲಿ ಲೆಕ್ಕ ಹಾಕಿ. 10000 ಎಂಎಎಚ್ ಅಂತ ಬರೆದಿರೋದು ಒಳಗಿನ 3.7 ವೋಲ್ಟ್ ಸೆಲ್‌ದು, ಅಂದ್ರೆ 37 ವ್ಯಾಟ್ ಅವರ್. 5 ವೋಲ್ಟ್ ಮಾಡಿ ಹೊರಗೆ ಕೊಡುವಾಗ ಹದಿನೈದು ಪರ್ಸೆಂಟ್ ಬಿಸಿಯಾಗಿ ಹೋಯ್ತು ಅಂದ್ರೆ 31 ಚಿಲ್ಲರೆ ಉಳೀತು. 4000 ಎಂಎಎಚ್ ಫೋನ್ ಬ್ಯಾಟರಿ 3.85 ವೋಲ್ಟ್‌ದು, 15.4 ವ್ಯಾಟ್ ಅವರ್, ಫೋನು ಚಾರ್ಜ್ ಆಗುವಾಗಲೂ ಒಂದಿಷ್ಟು ಹೋಗುತ್ತೆ. ಎರಡೂವರೆ ಸಲ ತುಂಬುತ್ತೆ ಅಂತ ನೀವು ಅಂದ್ಕೊಂಡಿದ್ರೆ ಎರಡು ಸಲ ಪೂರ್ತಿ ಆಗೋದೂ ಕಷ್ಟ, ಇದರಲ್ಲಿ ಮೋಸ ಏನಿಲ್ಲ, ಲೆಕ್ಕಾನೇ ಹಾಗೆ. ನಾಲ್ಕು ಲೈಟಿನ ಪವರ್ ಬ್ಯಾಂಕ್ ಆದ್ರೆ ಆ ಲೈಟ್‌ಗಳನ್ನ ಚಾರ್ಜ್ ಕೊಡ್ತಾ ಇರುವಾಗ ನೋಡ್ಬೇಡಿ, ಕೇಬಲ್ ತೆಗೆದು ಸ್ವಲ್ಪ ಹೊತ್ತು ಬಿಟ್ಟು ಬಟನ್ ಒತ್ತಿ ನೋಡಿ.

7. ಫೋನ್, ಲ್ಯಾಪ್‌ಟಾಪ್ ಪರ್ಸೆಂಟ್ ದಾರಿ ತಪ್ಪಿದ್ರೆ

ಯಾವಾಗ್ಲೂ 30 ರಿಂದ 80ರ ಮಧ್ಯೆನೇ ಇಟ್ಕೊಂಡಿರೋರಿಗೆ ಇದು ಆಗುತ್ತೆ, ಬ್ಯಾಟರಿಗೆ ಅದು ಒಳ್ಳೇದೇ, ಆದ್ರೆ ಫ್ಯೂಯಲ್ ಗೇಜ್ ಚಿಪ್‌ಗೆ ಎರಡು ತುದಿ ನೋಡೋಕೇ ಸಿಗಲ್ಲ. 100 ಆಗೋ ತನಕ ಚಾರ್ಜ್ ಮಾಡಿ, ಆಮೇಲೂ ಒಂದೆರಡು ಗಂಟೆ ಹಾಗೇ ಬಿಡಿ, ತೆಗೆದು ತಾನಾಗೇ ಆಫ್ ಆಗೋ ತನಕ ಮಾಮೂಲಿ ಉಪಯೋಗಿಸಿ, ಆಫ್ ಆದ ಮೇಲೆ ಎರಡು ಮೂರು ಗಂಟೆ ಬಿಟ್ಟು ಮತ್ತೆ ಮಧ್ಯೆ ನಿಲ್ಲಿಸದೇ 100ಕ್ಕೆ ತನ್ನಿ. ಇದರಿಂದ ಬ್ಯಾಟರಿ ಏನೂ ಚಿಗುರಲ್ಲ, ಮೀಟರ್ ಮಾತ್ರ ಸರಿ ಹೋಗುತ್ತೆ. ಪೂರ್ತಿ ಖಾಲಿ ಮಾಡೋದು ಬ್ಯಾಟರಿಗೆ ಹಿಂಸೆ, ಹಾಗಾಗಿ ತಪ್ಪು ಕಂಡಾಗ ಮಾತ್ರ ಮಾಡಿ, ಪ್ರತಿ ವಾರ ಬೇಡ.

8. ಬೇರೆ ಜಾತಿ ಬ್ಯಾಟರಿಗಳು

ಲಿಥಿಯಂ ಐರನ್ ಫಾಸ್ಫೇಟ್, ಎಲ್‌ಎಫ್‌ಪಿ ಅಂತಾರಲ್ಲ, ಅದರಲ್ಲಿ ವೋಲ್ಟೇಜ್ ನೋಡಿ ಹೇಳೋ ಆಸೆನೇ ಬಿಟ್ಬಿಡಿ. ಹೆಚ್ಚು ಕಮ್ಮಿ 90ರಿಂದ 20ರ ತನಕ 3.2, 3.3 ಅಂತ ಅಲ್ಲೇ ನಿಂತಿರುತ್ತೆ. ಎಣಿಕೆ ಒಂದೇ ದಾರಿ. ಈ ಬ್ಯಾಟರಿ ಇರೋ ಎಲೆಕ್ಟ್ರಿಕ್ ಗಾಡಿಗಳಿಗೆ ಆಗಾಗ 100ರ ತನಕ ಚಾರ್ಜ್ ಮಾಡಿ ಅಂತ ಹೇಳೋದಕ್ಕೆ ಒಂದು ಮುಖ್ಯ ಕಾರಣ ಎಣಿಕೆ ಸರಿ ಮಾಡ್ಕೊಳ್ಳೋದೇ.

12 ವೋಲ್ಟ್ ಲೆಡ್ ಆಸಿಡ್, ಅಂದ್ರೆ ಕಾರು, ಯುಪಿಎಸ್‌ದು, ಇದು ವೋಲ್ಟೇಜ್‌ಗೆ ಒಳ್ಳೇ ಮರ್ಯಾದೆ ಕೊಡುತ್ತೆ. ಚಾರ್ಜೂ ಲೋಡೂ ಇಲ್ದೇ ನಾಲ್ಕಾರು ಗಂಟೆ ಬಿಟ್ಟು ಅಳೆದ್ರೆ 12.7 ಫುಲ್, 12.4 ಮುಕ್ಕಾಲು, 12.2 ಅರ್ಧ, 12.0 ಕಾಲು, ಅದಕ್ಕಿಂತ ಕೆಳಗೆ ಇಟ್ಕೊಂಡೇ ಇದ್ರೆ ಬ್ಯಾಟರಿ ಆಯಸ್ಸು ಕರಗುತ್ತೆ. ಮುಚ್ಚಳ ತೆಗೆದು ನೀರು ಹಾಕೋ ತರದ್ದಾದ್ರೆ ಆಸಿಡ್ ನೀರಿಗಿಂತ ಎಷ್ಟು ಪಟ್ಟು ಸಾಂದ್ರ ಅಂತ ಅಳೆಯೋ ಹೈಡ್ರೋಮೀಟರ್ ಇನ್ನೂ ನಂಬಿಕೆ, ತುಂಬಿದಾಗ 1.265ರ ಆಸುಪಾಸು, ಅರ್ಧಕ್ಕೆ 1.190. ಆರೂ ಸೆಲ್ ಅಳೆಯಿರಿ, ಒಂದು ಮಾತ್ರ ತೀರಾ ಕೆಳಗಿದ್ರೆ ಆ ಸೆಲ್ ಹೋಗಿದೆ ಅಂತ ಅರ್ಥ.

ಕೊನೇದಾಗಿ ರಿಮೋಟಿನ ಎಎ, ಎಎಎ ಸೆಲ್‌ಗಳು. ಸುಮ್ನೆ ಮಲ್ಟಿಮೀಟರ್ ಹಿಡಿದ್ರೆ ಅರ್ಧ ಮುಗಿದ ಆಲ್ಕಲೈನ್ ಸೆಲ್ಲೂ 1.3ರ ಮೇಲೆ ತೋರಿಸಿ ನಂಬಿಸುತ್ತೆ, ಸೆಲ್‌ನ ಎರಡೂ ತುದಿಗೆ 10 ಓಮ್ ರೆಸಿಸ್ಟರ್ ಮುಟ್ಟಿಸಿಟ್ಟು ಐದಾರು ಸೆಕೆಂಡ್ ಆದ ಮೇಲೆ ಓದಿ. 1.4ರ ಮೇಲೆ ಇದ್ರೆ ಚೆನ್ನಾಗಿದೆ, 1.2ರ ಹತ್ರ ಬಂದಿದ್ರೆ ಆಟದ ಸಾಮಾನಿಂದ ತೆಗೆದು ಗೋಡೆ ಗಡಿಯಾರಕ್ಕೆ ಹಾಕಿ, ಅಲ್ಲಿ ಇನ್ನೂ ತುಂಬಾ ದಿನ ಓಡುತ್ತೆ, 1.0ರ ಕೆಳಗೆ ಇಳಿದಿದ್ರೆ ಮುಗೀತು. ರೀಚಾರ್ಜ್ ಆಗೋ ನಿಕಲ್ ಸೆಲ್‌ಗೆ ಈ ಲೆಕ್ಕ ಹಾಕ್ಬೇಡಿ, ಅದು ತುಂಬಿದ್ರೂ ಅರ್ಧ ಇದ್ರೂ 1.2 ಚಿಲ್ಲರೆಯಲ್ಲೇ ಇರುತ್ತೆ. ಮೇಜಿನ ಮೇಲೆ ಸೆಲ್ ಬೀಳಿಸಿ ಪುಟಿದ್ರೆ ಖಾಲಿ, ಪುಟಿಯದಿದ್ರೆ ತುಂಬಿದೆ ಅನ್ನೋ ವಿಡಿಯೋ ನೀವೂ ನೋಡಿರ್ತೀರಿ. ಅದು ಪೂರ್ತಿ ಸುಳ್ಳಲ್ಲ, 2015ರಲ್ಲಿ ಪ್ರಿನ್ಸ್‌ಟನ್ ಯೂನಿವರ್ಸಿಟಿಯವರು ಪರೀಕ್ಷೆ ಮಾಡಿ ನೋಡಿದ್ದಾರೆ, ಒಳಗಿನ ಸತು ಆಕ್ಸೈಡ್ ಆಗ್ತಾ ಹೋದ ಹಾಗೆ ಸೆಲ್ ಜಾಸ್ತಿ ಪುಟಿಯುತ್ತೆ, ಆದ್ರೆ ಸುಮಾರು ಅರ್ಧ ಖಾಲಿ ಆಗೋಷ್ಟರಲ್ಲೇ ಆ ಪುಟಿತ ಅದರ ಮಿತಿಗೆ ಬಂದು ನಿಂತುಬಿಡುತ್ತೆ. ಹಾಗಾಗಿ ಪುಟಿದ ಸೆಲ್ ಹೊಸದಲ್ಲ ಅಂತ ಗೊತ್ತಾಗುತ್ತೆ, ಅರ್ಧ ಇದ್ಯಾ ಪೂರ್ತಿ ಖಾಲಿನಾ ಅಂತ ತಿಳಿಯೋಕೆ ಆ 10 ಓಮ್ ರೆಸಿಸ್ಟರೇ ಬೇಕು.